ವಿಚೆಕ್ ಮಾದರಿ: ನಾಯ್ಸ್ ಗರಿಷ್ಠವಿದ್ದರೂ ಆರ್ಡರ್ ಪ್ಯಾರಾಮೀಟರ್ ಸೊನ್ನೆಗೆ ಇಳಿಯುತ್ತಿಲ್ಲ

ಗುಬ್ಬಿ_ಪುಣೆ:
ಭಿಗವಣದ ಹಿನ್ನೀರಿನ ಬಳಿ ಚಳಿಗಾಲದಲ್ಲಿ ಕಾಣುವ ಗುಲಾಬಿ ಮೈನಾಗಳ ಹಿಂಡನ್ನು ಮನಸ್ಸಿನಲ್ಲಿಟ್ಟುಕೊಂಡು ವಿಚೆಕ್ ಮಾದರಿಯನ್ನು ಪೈಥಾನಿನಲ್ಲಿ ಬರೆದಿದ್ದೇನೆ. ಇದರಲ್ಲಿ ಪ್ರತಿ ಹಕ್ಕಿಯೂ ಒಂದು ಕಣ; ಅದು ಪ್ರತಿ ಹೆಜ್ಜೆಯಲ್ಲೂ ನೆರೆಯ ಕಣಗಳ ಸರಾಸರಿ ದಿಕ್ಕನ್ನು ಹಿಡಿಯುತ್ತದೆ. ನಾಯ್ಸನ್ನು (ಆ ದಿಕ್ಕಿಗೆ ಸೇರಿಸುವ ಯಾದೃಚ್ಛಿಕ ತಿರುವು) ಪೂರ್ತಿ 360 ಡಿಗ್ರಿಗೆ ಏರಿಸಿದರೂ ಆರ್ಡರ್ ಪ್ಯಾರಾಮೀಟರ್ (ಎಲ್ಲ ಒಂದೇ ದಿಕ್ಕಿಗೆ ಹಾರಿದರೆ 1, ಪೂರ್ತಿ ಚದುರಿದರೆ ಸೊನ್ನೆಯ ಹತ್ತಿರ) 0.045ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೋಡನ್ನು ಎಷ್ಟು ತಿದ್ದಿದರೂ ಅದೇ ಗತಿ, ತಲೆ ಕೆಟ್ಟುಹೋಗಿದೆ.

ಮಾಟುಂಗಾವಾಸಿ:
ನೆರೆಯ ಕಣಗಳ ಕೋನಗಳನ್ನು ನೇರವಾಗಿ ಕೂಡಿ ಭಾಗಿಸಿದ್ದೀರಿ. 1 ಮತ್ತು 359 ಡಿಗ್ರಿಗಳ ಸರಾಸರಿ ದಿಕ್ಕು ಸೊನ್ನೆಯಾಗಬೇಕಾದಲ್ಲಿ ಆಗ 180 ಬರುತ್ತದೆ. ಸೈನ್, ಕೊಸೈನ್‌ಗಳನ್ನು ಬೇರೆ ಬೇರೆ ಕೂಡಿಸಿ, ಅವುಗಳಿಂದ ಕೋನ ತೆಗೆಯುವ ಆರ್ಕ್‌ಟ್ಯಾನ್2ಗೆ ಕೊಡಿ.

ಗುಬ್ಬಿ_ಪುಣೆ:
ಮೊದಲಿನಿಂದಲೂ ಹಾಗೆಯೇ ಬರೆದಿದ್ದೇನೆ ಸರ್.

ಮಾಟುಂಗಾವಾಸಿ:
ಹಾಗಾದರೆ ಸೈನ್ ಮೊದಲು, ಕೊಸೈನ್ ಆಮೇಲೆ ಇದೆಯೇ ನೋಡಿ. ದೋಷ ಆ ಸಾಲಿನಲ್ಲಿಯೇ ಇರಬೇಕು.

ಮಾಂಡವಿ_ದಂಡೆ:
ನಾಯ್ಸ್ ಪೂರ್ತಿ ವೃತ್ತವನ್ನೇ ಆವರಿಸಿದ ಮೇಲೆ ಸರಾಸರಿಯನ್ನು ಹೇಗೆ ತೆಗೆದರೂ ಫಲಿತಾಂಶ ಒಂದೇ ಆದ್ದರಿಂದ ಆ ಊಹೆ ಇಲ್ಲಿ ನಿಲ್ಲುವುದಿಲ್ಲ. ಕಣಗಳೆಷ್ಟು, ಪೆಟ್ಟಿಗೆ ಎಷ್ಟು ದೊಡ್ಡದು ಎಂಬುದನ್ನೇ ನೀವು ಹೇಳಿಲ್ಲವಲ್ಲ?

ಗುಬ್ಬಿ_ಪುಣೆ:
ಎಲ್ಲರೂ ಇಡುವಷ್ಟೇ: 400 ಕಣ, ಬದಿ 10, ವೇಗ 0.03.

ಮಾಂಡವಿ_ದಂಡೆ:
ಹಾಗಿದ್ದರೆ ನಿಮ್ಮ ಕೋಡು ಸರಿಯಾಗಿಯೇ ಇದೆ. ದಿಕ್ಕುಗಳು ಪೂರ್ತಿ ಚದುರಿದ್ದರೂ ಎಣಿಸಬಹುದಾದಷ್ಟೇ ಕಣಗಳ ವೇಗಸದಿಶಗಳು ಪರಸ್ಪರ ಸಂಪೂರ್ಣ ಅಳಿದುಹೋಗುವುದಿಲ್ಲ. ಉಳಿಯುವ ಮೊತ್ತದ ಸರಾಸರಿ ಗಾತ್ರ, 0.886ನ್ನು ಕಣಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. 400ಕ್ಕೆ ಅದು 0.044. ಸಾಂದ್ರತೆಯನ್ನು 4ರಲ್ಲೇ ಇಟ್ಟು 10,000 ಕಣ, ಬದಿ 50 ಮಾಡಿ ನೋಡಿ, 0.009ಕ್ಕೆ ಇಳಿಯಬೇಕು.

ಮಾಟುಂಗಾವಾಸಿ:
ಇರಬಹುದು. ಆದರೂ ವಿಚೆಕ್ ಮತ್ತು ಸಂಗಡಿಗರ 1995ರ ಮೂಲ ಲೇಖನದಂತೆ ಸ್ಥಿತ್ಯಂತರ (ನಾಯ್ಸ್ ಏರಿದಂತೆ ಒಂದೇ ದಿಕ್ಕಿನ ಹಿಂಡು ಚದುರುವುದು) ನಿಧಾನವಾಗಿ, ಜಿಗಿತವಿಲ್ಲದೆ ಆಗಬೇಕು. ಮೊದಲು ನಾಯ್ಸ್ ಏರಿದಂತೆ ಆರ್ಡರ್ ಪ್ಯಾರಾಮೀಟರ್ ಇಳಿಯುವ ವಕ್ರರೇಖೆಯನ್ನು ಹಾಕಲಿ.

ಮಾಂಡವಿ_ದಂಡೆ:
2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ಎಂಬ ಸಂಶೋಧಕರು ಅದನ್ನೇ ಪ್ರಶ್ನಿಸಿದರು. ಪೆಟ್ಟಿಗೆ ಸಾಕಷ್ಟು ದೊಡ್ಡದಾದರೆ ಕಣಗಳ ದಟ್ಟ ಪಟ್ಟಿಗಳು ಮೂಡಿ, ಸ್ಥಿತ್ಯಂತರ ಜಿಗಿತದಿಂದಲೇ ಆಗುತ್ತದೆ.

ಮಾಟುಂಗಾವಾಸಿ:
ಅವರು ನಾಯ್ಸ್ ಸೇರಿಸುವ ಬಗೆಯನ್ನೇ ಬದಲಿಸಿದ್ದರು.

ಮಾಂಡವಿ_ದಂಡೆ:
ಹಳೆಯ ಬಗೆಯಲ್ಲೂ ಅದೇ ಆಗುತ್ತದೆಂದು ಅವರು ವಾದಿಸಿದ್ದಾರೆ. ಅದಕ್ಕೆ ಇನ್ನೂ ದೊಡ್ಡ ಪೆಟ್ಟಿಗೆ ಬೇಕು, ಅಷ್ಟೇ.

ಗುಬ್ಬಿ_ಪುಣೆ:
10,000ಕ್ಕೆ ಏರಿಸಿದೆ. ಈಗ ಒಂದು ಹೆಜ್ಜೆ ಮುಗಿಯಲೂ ಯುಗವಾಗುತ್ತಿದೆ.

ಮಾಂಡವಿ_ದಂಡೆ:
ಪ್ರತಿ ಜೋಡಿಯ ಅಂತರವನ್ನೂ ಅಳೆಯುತ್ತಿರಬೇಕು. ಪೆಟ್ಟಿಗೆಯನ್ನು ನೆರೆಯ ವ್ಯಾಪ್ತಿಯಷ್ಟೇ, ಅಂದರೆ ಬದಿ 1ರ ಕೋಶಗಳಾಗಿ ಹಂಚಿ, ಪ್ರತಿ ಕಣಕ್ಕೂ ಅದರ ಕೋಶವನ್ನೂ ಸುತ್ತಲಿನ ಎಂಟನ್ನೂ ಮಾತ್ರ ಹುಡುಕಿ. ಅಂಚಿನ ಕೋಶಕ್ಕೆ ಎದುರು ಅಂಚಿನದೇ ನೆರೆ ಎಂಬುದು ಕೋಡಿನಲ್ಲಿ ಬರಲಿ.