ಹಳೇ ಐಎಸ್‌ಡಿಎನ್ ಕಾರ್ಡು, ಸಿಫಾಸ್ ಶೇರ್‌ವೇರ್ ಡ್ರೈವರು, 3301 ಎರರ್ – ಯಾರಿಗಾದ್ರೂ ಗೊತ್ತಾ?

ದೇವಿಕೆರೆ_ಹುಡುಗ (ಶಿರಸಿ):

ನಮಸ್ಕಾರ ಎಲ್ರಿಗೂ. ನಮ್ಮ ಮಾವ ಶಿರಸಿ ಬಸ್ ಸ್ಟ್ಯಾಂಡ್ ಹತ್ರ ಡಿಟಿಪಿ ಅಂಗಡಿ ನಡೆಸ್ತಿದ್ರು, ಆಮೇಲಾಮೇಲೆ ಅಲ್ಲೇ ಜನಕ್ಕೆ ಇಂಟರ್ನೆಟ್ಟೂ ಕೊಡ್ತಿದ್ರು. ಈಗ ಅಂಗಡಿ ಖಾಲಿ ಮಾಡ್ತಾ ಇದ್ವಿ, ಅಟ್ಟದ ಮೇಲೆ ಒಂದು ಪೆಂಟಿಯಂ ಟೂ ಸಿಕ್ತು, ವಿಂಡೋಸ್ 98 ಇದೆ, ಧೂಳು ಒರೆಸಿ ಆನ್ ಮಾಡಿದ್ರೆ ಆಶ್ಚರ್ಯ ಅಂದ್ರೆ ಬೂಟ್ ಆಯ್ತು. ಒಳಗೆ ಫ್ರಿಟ್ಜ್ ಕಾರ್ಡ್ ಅಂತ ಒಂದು ಐಎಸ್‌ಡಿಎನ್ (ಫೋನ್ ತಂತಿಲೇ ಡಿಜಿಟಲ್ಲಾಗಿ ಮಾತು, ಡೇಟಾ ಕಳಿಸೋ ಹಳೇ ಸೇವೆ) ಕಾರ್ಡಿದೆ, ಜರ್ಮನಿಲಿದ್ದ ನೆಂಟರು ಯಾರೋ ತಂದುಕೊಟ್ಟಿದ್ದಂತೆ, ಅದರ ಜೊತೆ ಸಿಫಾಸ್ ಅನ್ನೋ ಶೇರ್‌ವೇರ್ ಡ್ರೈವರೂ ಇನ್‌ಸ್ಟಾಲ್ ಆಗಿದೆ.

ಹೈಪರ್‌ಟರ್ಮಿನಲ್ (ಮೋಡೆಮ್ಮಿಗೆ ಕಮಾಂಡ್ ಟೈಪ್ ಮಾಡೋ ಪ್ರೋಗ್ರಾಮು) ತೆಗೆದು ಸಿಫಾಸಿನ ಕಾಮ್ ಪೋರ್ಟ್ ಆರಿಸಿ ಎಟಿ ಅಂತ ಹೊಡೆದ್ರೆ ಓಕೆ ಅಂತ ಉತ್ತರ ಬರ್ತದೆ, ಅಂದ್ರೆ ಮೋಡೆಮ್ ತರಾನೇ ನಡ್ಕೊಳ್ತಾ ಇದೆ. ಆದ್ರೆ ಎಟಿಡಿಟಿ (ಡಯಲ್ ಮಾಡೋ ಕಮಾಂಡು) ಕೊಟ್ಟು ಯಾವ ನಂಬರ್ ಹಾಕಿದ್ರೂ ನೋ ಕ್ಯಾರಿಯರ್ (ಸಂಪರ್ಕ ಇಲ್ಲ), ಲಾಗ್ ನೋಡಿದ್ರೆ 3301 ಅಂತ ಬರ್ತದೆ. ಕಾರ್ಡಿಗೆ ಸದ್ಯ ಯಾವ ವೈರೂ ಹಾಕಿಲ್ಲ. ಮನೆಲಿ ಲ್ಯಾಂಡ್‌ಲೈನ್ ಇನ್ನೂ ಇದೆ, ಅದರ ಪಿನ್ನು ಕಾರ್ಡಿನ ಸಾಕೆಟ್ಟಿಗೆ ಸರಿಯಾಗಿ ಕೂರೋ ಹಾಗೆ ಕಾಣ್ತದೆ, ಅದನ್ನ ಹಾಕಿ ನೋಡ್ಬಹುದಾ?

ಇದೆಲ್ಲ ಯಾಕೆ ಕೇಳ್ತಾ ಇದ್ದೀನಿ ಅಂದ್ರೆ ಊರಿನ ಹೈಸ್ಕೂಲಲ್ಲಿ ವಸ್ತುಪ್ರದರ್ಶನ ಇದೆ, ಮಕ್ಕಳಿಗೆ ಆಗಿನ ಇಂಟರ್ನೆಟ್ ಹೇಗೆ ಬರ್ತಿತ್ತು ಅಂತ ನಿಜವಾದ ಮಷೀನಲ್ಲೇ ತೋರಿಸ್ಬೇಕು ಅಂತ ಆಸೆ, ಯೂಟ್ಯೂಬ್ ವಿಡಿಯೋ ಹಾಕಿ ಕೂರಿಸೋದಲ್ಲ. ಇನ್ನೊಂದು ವಿಷಯ, ಡ್ರೈವರ್ ರಿಜಿಸ್ಟರ್ ಮಾಡಿ ಅಂತ ಕೇಳ್ತಾ ಇರ್ತದೆ, ಅದಕ್ಕೆ ಎಂತ ಮಾಡೋದು?

———

ಸದಾಶಿವಗಡ (ಕಾರವಾರ):

ತಮ್ಮಾ, ಮೊದ್ಲು ಒಂದು ಮಾತು, ಆ ಲ್ಯಾಂಡ್‌ಲೈನ್ ವೈರನ್ನ ಕಾರ್ಡಿಗೆ ಹಾಕಲೇಬೇಡ. ಟೆಲಿಫೋನ್ ಪಿನ್ನು ಆ ಅಗಲದ ಸಾಕೆಟ್ಟಲ್ಲಿ ಕೂರ್ತದೆ ನಿಜ, ಆದ್ರೆ ಕೂತಾಗ ಅದರ ನಡುವಿನ ಎರಡು ತಂತಿ ಸೀದಾ ನಾಲ್ಕು ಐದನೇ ಪಿನ್ನಿಗೆ ಹೋಗ್ತದೆ, ಐಎಸ್‌ಡಿಎನ್ ಕಾರ್ಡಲ್ಲಿ ಅದು ರಿಸೀವ್ ಜೋಡಿ. ಎಕ್ಸ್‌ಚೇಂಜಿಂದ ಬರೋ 48 ವೋಲ್ಟ್ ಡಿಸಿ ಆ ಸಣ್ಣ ಟ್ರಾನ್ಸ್‌ಫಾರ್ಮರ್ ಮೇಲೆ ಕೂರ್ತದೆ, ಅದೇ ಹೊತ್ತಿಗೆ ಯಾರಾದ್ರೂ ಫೋನ್ ಮಾಡಿದ್ರೆ ರಿಂಗಿನ ಎಸಿ ಅದರ ಮೇಲೆ ಬೇರೆ. ಇಷ್ಟು ವರ್ಷ ಉಳಿದ ಕಾರ್ಡು ಒಂದು ರಿಂಗಿಗೆ ಹೋಗಿಬಿಟ್ರೆ ಬೇಜಾರಲ್ವಾ.

ನಾನು ದೂರವಾಣಿ ಇಲಾಖೆಯಲ್ಲಿ ಲೈನ್ ಕೆಲಸದಲ್ಲೇ ಇದ್ದವನು, ಅದಕ್ಕೆ ಲೈನಿನ ಕತೆ ಹೇಳ್ತೇನೆ, ಸಾಫ್ಟ್‌ವೇರ್ ಬೇರೆಯವರು ಹೇಳ್ಲಿ. ಮಾಮೂಲಿ ಫೋನಿಗೆ ಹೋಗೋ ಅದೇ ತಾಮ್ರದ ಒಂದೇ ಜೋಡಿ ಐಎಸ್‌ಡಿಎನ್ನಿಗೂ ಸಾಕಾಗ್ತಿತ್ತು. ಆದ್ರೆ ಅದು ಗಿರಾಕಿ ಮನೆಗೆ ಬಂದು ಎನ್‌ಟಿ ಒನ್ ಅನ್ನೋ ಪೆಟ್ಟಿಗೆಲಿ ಮುಗೀತಿತ್ತು, ಆ ಪೆಟ್ಟಿಗೆ ಒಳಗಿಂದ ನಾಲ್ಕು ತಂತಿ ಹೊರಡ್ತಿತ್ತು, ಎರಡು ಕಳಿಸ್ಲಿಕ್ಕೆ ಎರಡು ತಗೊಳ್ಳಿಕ್ಕೆ, ನಿನ್ನ ಕಾರ್ಡು ಕೂರೋದು ಈ ನಾಲ್ಕು ತಂತಿ ಕಡೆ. ಲೈನಲ್ಲಿ ಸೆಕೆಂಡಿಗೆ 64 ಕಿಲೋಬಿಟ್ಟಿನ ಎರಡು ಬಿ ಚಾನೆಲ್ಲು, 16 ಕಿಲೋಬಿಟ್ಟಿನ ಒಂದು ಡಿ ಚಾನೆಲ್ಲು. ಡಿ ಚಾನೆಲ್ಲಲ್ಲಿ ಬರೀ ಕಾಲ್ ಹಚ್ಚೋದು ಬಿಡಿಸೋದು, ಮಾತು ಡೇಟಾ ಎಲ್ಲ ಬಿ ಚಾನೆಲ್ಲಲ್ಲಿ. ಎಕ್ಸ್‌ಚೇಂಜಿಂದ ಐದು ಐದೂವರೆ ಕಿಲೋಮೀಟರ್ ಆಚೆ ಕೊಡೋದು ಕಷ್ಟ, ಅದೂ ಕೇಬಲ್ ಚೆನ್ನಾಗಿದ್ರೆ ಮಾತ್ರ. ನಮ್ಮ ಕಡೆ ಜೂನ್ ಜುಲೈಲಿ ಜಾಯಿಂಟ್ ಒಳಗೆ ನೀರು ಹೋದ್ರೆ ಮಾಮೂಲಿ ಫೋನಲ್ಲಿ ಗರಗರ ಅಂದ್ರೂ ಹೆಂಗೋ ಮಾತು ಕೇಳ್ತಿತ್ತು, ಐಎಸ್‌ಡಿಎನ್ ಹಾಗಲ್ಲ, ಒಂದು ಮಟ್ಟದವರೆಗೆ ಒಂದು ಚೂರೂ ಗೊತ್ತಾಗದ ಹಾಗೆ ಕ್ಲೀನಾಗಿರ್ತದೆ, ಆ ಮಟ್ಟ ದಾಟಿದ್ರೆ ಪೂರ್ತಿ ಸತ್ತುಹೋಗ್ತದೆ. ಅಟ್ಟದಲ್ಲಿ ಎನ್‌ಟಿ ಒನ್ ಪೆಟ್ಟಿಗೆ ಸಿಕ್ಕಿದ್ರೆ ಅದನ್ನೂ ಪ್ರದರ್ಶನಕ್ಕೆ ಇಡು, ಆದ್ರೆ ಎಕ್ಸ್‌ಚೇಂಜಿಂದ ಐಎಸ್‌ಡಿಎನ್ ಲೈನ್ ಬರದೆ ಅದೊಂದೇ ಇಟ್ಕೊಂಡು ಕಾಲ್ ಹೋಗೋದಿಲ್ಲ.

———

ಗೋಕರ್ಣ_ಪೆಂಗ್ವಿನ್:

3301 ಅಂದ್ರೆ ಏನೂ ಹೆದರೋದು ಬೇಡ, ಕಾರ್ಡು ಡ್ರೈವರು ಎರಡೂ ಸರಿ ಇದೆ ಅಂತಾನೇ ಅರ್ಥ. ಅದು ಸಿಫಾಸಿನ ಸ್ವಂತ ಎರರ್ ಅಲ್ಲ, ಕಾರ್ಡಿನ ಜೊತೆ ಬರೋ ಕ್ಯಾಪಿ ಅನ್ನೋ ಇಂಟರ್‌ಫೇಸ್ ಕೊಡೋ ಕೋಡು. 3301 ಅಂದ್ರೆ ಲೇಯರ್ ಒನ್ (ಸಂಪರ್ಕದ ಎಲ್ಲಕ್ಕಿಂತ ಕೆಳಗಿನ ಪದರ) ಇಲ್ಲ, ಅಂದ್ರೆ ವೈರಿನ ಆ ತುದಿಲಿ ಯಾರೂ ಇಲ್ಲ. ನೀವು ವೈರೇ ಹಾಕಿಲ್ಲ ಅಂತೀರಿ, ಅದು ಸರಿಯಾಗೇ ಹೇಳ್ತಾ ಇದೆ. 3302 ಬಂದ್ರೆ ಅದರ ಮೇಲಿನ ಲೇಯರ್ ಟೂಲಿ ತೊಂದರೆ, 3303 ಬಂದ್ರೆ ಅದಕ್ಕೂ ಮೇಲಿನ ಲೇಯರ್ ತ್ರೀಲಿ. 34ರಿಂದ ಶುರುವಾದ್ರೆ ಎಕ್ಸ್‌ಚೇಂಜೇ ಕಾರಣ ಹೇಳಿ ಕಾಲ್ ಕಟ್ ಮಾಡಿದೆ ಅಂತ. ಆಗ ಕೊನೇ ಎರಡು ಅಂಕಿ ತಗೊಂಡು ಹೆಕ್ಸಲ್ಲಿ (16ರ ಲೆಕ್ಕದ ಅಂಕಿಲಿ) 80 ಕಳೀಬೇಕು, 3490 ಅಂದ್ರೆ 90ರಲ್ಲಿ 80 ಹೋದ್ರೆ 10, ದಶಮಾನದಲ್ಲಿ 16, ಅದು ಮಾಮೂಲಿ ಕಟ್ ಆಗಿದ್ದು. 3491 ಬಂದ್ರೆ 17, ಆ ಕಡೆ ಎಂಗೇಜ್. ಈ ಲೆಕ್ಕ ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಈಗ ಈ ಡ್ರೈವರು ಯಾಕೆ ಬೇಕಿತ್ತು ಅನ್ನೋದು, ಮಕ್ಕಳಿಗೆ ತೋರಿಸೋದಾದ್ರೆ ಇದನ್ನ ಹೇಳಲೇಬೇಕು. ಐಎಸ್‌ಡಿಎನ್ ಕಾರ್ಡು ಮೋಡೆಮ್ ಅಲ್ಲ, ಸದ್ದು ಮಾಡಿ ಡೇಟಾ ಕಳಿಸೋದಿಲ್ಲ, ಲೈನಲ್ಲಿ ಶುರುವಿಂದ ಕೊನೇವರೆಗೂ ಡಿಜಿಟಲ್ಲೇ. ಕಾರ್ಡಿನ ಕಂಪನಿಯವರು ಕ್ಯಾಪಿ ಅನ್ನೋ ಒಂದು ಇಂಟರ್‌ಫೇಸ್ ಕೊಡ್ತಿದ್ರು, ಯಾವ ಕಂಪನಿ ಕಾರ್ಡಾದ್ರೂ ಮೇಲಿನ ಪ್ರೋಗ್ರಾಮಿಗೆ ಒಂದೇ ತರ ಕಾಣ್ಲಿ ಅಂತ. ಆದ್ರೆ ಆಗಿನ ಡಯಲ್-ಅಪ್ ಪ್ರೋಗ್ರಾಮು, ಟರ್ಮಿನಲ್ಲು, ಬಿಬಿಎಸ್ (ಡಯಲ್ ಮಾಡಿ ಸೇರೋ ಹಳೇ ಸಂದೇಶ ಕಟ್ಟೆ) ಸಾಫ್ಟ್‌ವೇರು ಇವಕ್ಕೆಲ್ಲ ಕ್ಯಾಪಿ ಅಂದ್ರೆ ಏನೂ ಗೊತ್ತಿಲ್ಲ, ಅವಕ್ಕೆ ಗೊತ್ತಿದ್ದು ಕಾಮ್ ಪೋರ್ಟು ಮತ್ತೆ ಎಟಿ ಕಮಾಂಡು ಅಷ್ಟೇ. ಸಿಫಾಸ್ ಈ ಎರಡರ ನಡುವೆ ದುಭಾಷಿ ಹಾಗೆ ಕೂರ್ತದೆ, ಮೇಲಿಂದ ಎಟಿಡಿಟಿ ಬಂದ್ರೆ ಕೆಳಗೆ ಕ್ಯಾಪಿಗೆ ಕನೆಕ್ಟ್ ರಿಕ್ವೆಸ್ಟ್ ಕಳಿಸ್ತದೆ, ಕೆಳಗಿಂದ ಬಂದದ್ದನ್ನ ಮೇಲೆ ಕನೆಕ್ಟ್ ಅಂತ ಟೈಪ್ ಮಾಡಿ ತೋರಿಸ್ತದೆ.

ಬರೀ ಕಮಾಂಡ್ ಅನುವಾದ ಮಾಡಿದ್ರೆ ಸಾಲೋದಿಲ್ಲ. ವಿಂಡೋಸ್ ಡಯಲರ್ರು ಮೋಡೆಮ್ ಇದೆ ಅಂದ್ಕೊಂಡು ಪಿಪಿಪಿಯನ್ನ (ಡಯಲ್ ಮಾಡಿದ ಲೈನಲ್ಲಿ ಇಂಟರ್ನೆಟ್ ಪ್ಯಾಕೆಟ್ ಸಾಗಿಸೋ ನಿಯಮ) ಅಸಿಂಕ್, ಅಂದ್ರೆ ಬೈಟ್ ಬೈಟಾಗಿ ಹೋಗೋ ರೂಪದಲ್ಲಿ ಕಳಿಸ್ತದೆ, ಪ್ಯಾಕೆಟ್ಟಿನ ಹಿಂದೆ ಮುಂದೆ 7ಇ ಬೈಟು, ಒಳಗೆಲ್ಲಾದ್ರೂ 7ಇ ಬಂದ್ರೆ 7ಡಿ ಹಾಕಿ ತಪ್ಪಿಸೋದು, ಹೀಗೆ. ಐಎಸ್‌ಡಿಎನ್ ಕಡೆ ಐಎಸ್‌ಪಿಗೆ (ಇಂಟರ್ನೆಟ್ ಕೊಡೋ ಕಂಪನಿಗೆ) ಬೇಕಾಗಿದ್ದು ಎಚ್‌ಡಿಎಲ್‌ಸಿ (ಬಿಟ್ಟುಗಳನ್ನ ಚೌಕಟ್ಟಾಗಿ ಕಟ್ಟೋ ರೀತಿ) ಮೇಲಿನ ಸಿಂಕ್ ಪಿಪಿಪಿ. ಹಾಗಾಗಿ ಡ್ರೈವರು ಪ್ರತಿ ಪ್ಯಾಕೆಟ್ಟನ್ನೂ ಬಿಚ್ಚಿ ಇನ್ನೊಂದು ರೂಪಕ್ಕೆ ಕಟ್ಟಿ ಕಳಿಸ್ಬೇಕು. ಸೆಟ್ಟಿಂಗಲ್ಲಿ ಬಿ ಚಾನೆಲ್ ಪ್ರೋಟೋಕಾಲ್ ಬಿಬಿಎಸ್‌ಗೆ ಅಂತ ಇಡೋ ಎಕ್ಸ್.75ರಲ್ಲೇ ಉಳಿದಿದ್ರೆ ಕಾಲ್ ಹೋಗ್ತದೆ, ಆ ಕಡೆ ಎತ್ತಿಯೂ ಎತ್ತುತ್ತೆ, ಆದ್ರೆ ಲಾಗಿನ್ ಆಗೋದಿಲ್ಲ, ಒಂದು ಪ್ಯಾಕೆಟ್ಟೂ ದಾಟೋದಿಲ್ಲ, ಫೋನ್ ಮೀಟರ್ ಮಾತ್ರ ಓಡ್ತಿರ್ತದೆ. ಆಗಿನ ಕಾಲದಲ್ಲಿ ಕನೆಕ್ಟ್ ಆಗ್ತದೆ ನೆಟ್ ಬರೋದಿಲ್ಲ ಅಂತ ಯಾರಾದ್ರೂ ಅಂದ್ರೆ ಮೊದ್ಲು ನೋಡ್ಬೇಕಾದ ಜಾಗ ಇದೇ.

———

ಕುಮಟಾ_ಪಿಸಿ_ಕೇರ್:

ಇಷ್ಟೆಲ್ಲ ಯಾಕೆ ಮಾರಾಯ್ರೆ, ಎರಡು ಹಳೇ 56ಕೆ ಮೋಡೆಮ್ ತಗೊಳ್ಳಿ, ನಡುವೆ ಆಫೀಸಲ್ಲಿ ಬಿಸಾಕಿದ ಒಂದು ಇಂಟರ್‌ಕಾಮ್ ಪೆಟ್ಟಿಗೆ ಇಡಿ, ಕೀಂ ಕೀಂ ಅಂತ ಸದ್ದೂ ಬರ್ತದೆ, ಮಕ್ಕಳಿಗೆ ಅದೇ ಖುಷಿ. ಐಎಸ್‌ಡಿಎನ್ನಲ್ಲಿ ನೋಡ್ಲಿಕ್ಕೆ ಕೇಳ್ಲಿಕ್ಕೆ ಏನಿದೆ? ಮತ್ತೆ ರಿಜಿಸ್ಟ್ರೇಷನ್ ಬಗ್ಗೆ ತಲೆ ಕೆಡಿಸ್ಕೊಬೇಡಿ, ಇಷ್ಟು ಹಳೇದಕ್ಕೆ ಕೀ ಎಲ್ಲಾದ್ರೂ ಸಿಕ್ಕೇ ಸಿಗ್ತದೆ.

———

ಗೋಕರ್ಣ_ಪೆಂಗ್ವಿನ್:

@ಕುಮಟಾ_ಪಿಸಿ_ಕೇರ್ ಸದ್ದು ಬೇಕಾದ್ರೆ ಮೋಡೆಮ್ಮೂ ಪಕ್ಕದಲ್ಲಿ ಇಡ್ಲಿ, ಒಳ್ಳೇದೇ. ಎರಡನ್ನೂ ಜೊತೆಗೆ ಇಟ್ರೇ ವ್ಯತ್ಯಾಸ ತಿಳಿಯೋದು. ಮೋಡೆಮ್ ಅರ್ಧ ನಿಮಿಷ ಕಿರುಚಿ ಕನೆಕ್ಟ್ ಆಗೋ ಹೊತ್ತಿಗೆ ಐಎಸ್‌ಡಿಎನ್ ಸದ್ದೇ ಇಲ್ಲದೆ ಒಂದೆರಡು ಸೆಕೆಂಡಲ್ಲಿ ಕನೆಕ್ಟ್ ಆಗಿ ಪೇಜು ತೆರೆದಿರ್ತದೆ, ಮಕ್ಕಳಿಗೆ ಅದೇ ನೋಡೋ ವಿಷಯ. 64 ಕಿಲೋಬಿಟ್ ಅಂದ್ರೆ ಸೆಕೆಂಡಿಗೆ 8,000 ಬೈಟು, ಒಂದು 1.44 ಎಂಬಿ ಫ್ಲಾಪಿ ತುಂಬಾ ಡೇಟಾ ಇಳೀಲಿಕ್ಕೆ ಮೂರು ನಿಮಿಷ. ಎರಡೂ ಬಿ ಚಾನೆಲ್ ಸೇರಿಸಿ ಮಲ್ಟಿಲಿಂಕ್ ಮಾಡಿದ್ರೆ 128 ಕಿಲೋಬಿಟ್, ಒಂದೂವರೆ ನಿಮಿಷ. ಆದ್ರೆ ಅದು ಲೆಕ್ಕದಲ್ಲಿ ಎರಡು ಫೋನ್ ಕಾಲ್, ದುಡ್ಡೂ ಎರಡರಷ್ಟು, ಅದಕ್ಕೇ ದೊಡ್ಡ ಫೈಲ್ ಇಳಿಸೋವಾಗ ಮಾತ್ರ ಎರಡನೇ ಚಾನೆಲ್ ಹಾಕೋದು ಜಾಣತನ ಆಗಿತ್ತು.

ಕೀ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪೋದಿಲ್ಲ, ಸಿಟ್ಟು ಮಾಡ್ಕೊಬೇಡಿ. ಶೇರ್‌ವೇರ್ ಅಂದ್ರೆ ಮೊದ್ಲು ಬಳಸಿ ನೋಡು, ಉಪಯೋಗ ಆದ್ರೆ ದುಡ್ಡು ಕಳಿಸು ಅಂತ ಬರೆದವನು ನಂಬಿಕೆ ಮೇಲೆ ಬಿಟ್ಟಿದ್ದು. ಟ್ರಂಪೆಟ್ ವಿನ್‌ಸಾಕ್ ಅಂತ ಇತ್ತು, ವಿಂಡೋಸ್ 3.1 ಜೊತೆ ಟಿಸಿಪಿ/ಐಪಿ ಬರ್ತಾ ಇರಲಿಲ್ಲ, ಟಾಸ್ಮೇನಿಯಾದ ಪೀಟರ್ ಟಟ್ಟಮ್ ಬರೆದ ಆ ಪ್ರೋಗ್ರಾಮಿಂದಾನೇ ಪ್ರಪಂಚದ ಎಷ್ಟೋ ಜನ ಮೊದಲ ಸಲ ಇಂಟರ್ನೆಟ್ ನೋಡಿದ್ರು. ಬೆಲೆ 25 ಡಾಲರ್. ಪತ್ರಿಕೆಗಳ ಡಿಸ್ಕಲ್ಲಿ ಹಂಚಿಹೋಯ್ತು, ಬಳಸಿದವರಲ್ಲಿ ಬಹಳ ಜನ ದುಡ್ಡು ಕಳಿಸಲೇ ಇಲ್ಲ. ಆಗ ನಮ್ಮ ಕಡೆ ಡಾಲರ್ ಕಳಿಸೋ ಕಾರ್ಡು ಯಾರ ಹತ್ರ ಇತ್ತು ಅನ್ನೋದು ಸರಿ, ಇಷ್ಟಪಟ್ರೂ ಕಳಿಸ್ಲಿಕ್ಕೆ ದಾರಿ ಇರಲಿಲ್ಲ. ಈಗ ಎಲ್ಲರ ಹತ್ರ ಇದೆ. ಸಿಫಾಸಿನವರು ಜರ್ಮನಿಯ ಬಾನ್ ಊರಿನವರು, ಇನ್ನೂ ಇದ್ದಾರೆ, ಸಿಫಾಸ್‌ಸ್ಪೀಡ್ ಮಾರ್ತಾರೆ, ಈಗ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಮಾಡೋ ಪೆಟ್ಟಿಗೆ ಕೂಡಾ ಮಾಡ್ತಾರೆ. ಶಾಲೆ ಪ್ರದರ್ಶನಕ್ಕೆ ಅಂತ ಒಂದು ಮೇಲ್ ಹಾಕಿ ಕೇಳಿ, ಇಲ್ಲ ಅಂದ್ರೆ ಆಗ ನೋಡೋಣ.

———

ದೇವಿಕೆರೆ_ಹುಡುಗ:

ಸದಾಶಿವಗಡ ಅವ್ರೆ, ವೈರ್ ವಿಷಯ ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು. ಮೇಲ್ ಇವತ್ತೇ ಹಾಕ್ತೇನೆ. ಹಾಗಾದ್ರೆ ಲೈನೇ ಇಲ್ಲದೆ ಎರಡು ಕಂಪ್ಯೂಟರ್ ನಡುವೆ ಸೀದಾ ವೈರ್ ಎಳೆದು ಕಾಲ್ ಮಾಡ್ಲಿಕ್ಕೆ ಆಗೋದಿಲ್ವಾ? ಇನ್ನೊಂದು ಹಳೇ ಪಿಸಿ ಹೇಗೂ ಇದೆ.

———

ಗೋಕರ್ಣ_ಪೆಂಗ್ವಿನ್:

ಸೀದಾ ಆಗೋದಿಲ್ಲ, ಎರಡೂ ಗಿರಾಕಿ ಕಡೆಯ ಕಾರ್ಡೇ ಆದ್ರಿಂದ ಎರಡೂ ಎಕ್ಸ್‌ಚೇಂಜಿಗೆ ಕಾಯ್ತಾ ಕೂರ್ತವೆ. ನಡುವೆ ಎಕ್ಸ್‌ಚೇಂಜ್ ಕೆಲಸ ಮಾಡೋದು ಒಂದು ಬೇಕು. ಸುಲಭದ ದಾರಿ ಅಂದ್ರೆ ಒಳಗಡೆ ಎಸ್-ಜೀರೋ ಪೋರ್ಟ್ (ಕಾರ್ಡು ಕೂರೋ ಆ ನಾಲ್ಕು ತಂತಿಯ ಪೋರ್ಟು) ಇರೋ ಸಣ್ಣ ಐಎಸ್‌ಡಿಎನ್ ಪಿಬಿಎಕ್ಸು (ಆಫೀಸಿನ ಒಳಗಿನ ಎಕ್ಸ್‌ಚೇಂಜ್ ಪೆಟ್ಟಿಗೆ), ಹುಬ್ಬಳ್ಳಿ ಗೋವಾ ಕಡೆ ಹಳೇ ಆಫೀಸ್ ಸಾಮಾನು ಮಾರೋರ ಹತ್ರ ಕೇಳಿ ನೋಡಿ, ಕೊಳ್ಳೋ ಮುಂಚೆ ಒಳಗಿನ ಎಸ್-ಜೀರೋ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಬರೀ ಹೊರಗಿನ ಲೈನಿಗೆ ಇರೋದು ಪ್ರಯೋಜನ ಇಲ್ಲ. ಎರಡೂ ಪಿಸಿಯನ್ನ ಅದರ ಒಂದೇ ಬಸ್ಸಿಗೆ (ನಾಲ್ಕು ತಂತಿಯ ಒಂದೇ ಸಾಲಿಗೆ) ಹಾಕಿ ಒಂದರಿಂದ ಇನ್ನೊಂದರ ಎಕ್ಸ್‌ಟೆನ್ಷನ್ ನಂಬರಿಗೆ ಡಯಲ್ ಮಾಡಿದ್ರಾಯ್ತು, ಆ ಒಂದು ಫೋನ್ ಕಾಲ್‌ಗೇ ಎರಡೂ ಬಿ ಚಾನೆಲ್ ಖರ್ಚಾಗ್ತದೆ. ಬಸ್ಸಿನ ಕೊನೇಲಿ 100 ಓಮ್ ರೆಸಿಸ್ಟರ್ ಎರಡು ಜೋಡಿಗೂ ಒಂದೊಂದು ಹಾಕ್ಲಿಕ್ಕೆ ಮರೀಬೇಡಿ.

ಅದು ಸಿಗಲಿಲ್ಲ ಅಂದ್ರೆ ನನ್ನ ದಾರಿ. ಎಚ್‌ಎಫ್‌ಸಿ-ಎಸ್ ಚಿಪ್ ಇರೋ ಪಿಸಿಐ ಕಾರ್ಡು ಹುಡುಕಿ, ಅದು ಎನ್‌ಟಿ ಮೋಡಲ್ಲಿ ಓಡ್ತದೆ, ಅಂದ್ರೆ ಎಕ್ಸ್‌ಚೇಂಜ್ ತರಾನೇ ನಟಿಸ್ತದೆ, ನಿಮ್ಮ ಫ್ರಿಟ್ಜ್ ಕಾರ್ಡಿಗೆ ಅದು ಬರೋದಿಲ್ಲ. ಲಿನಕ್ಸಲ್ಲಿ ಎಂಐಎಸ್‌ಡಿಎನ್ ಡ್ರೈವರ್ ಬೇಕು. ಅದಕ್ಕೂ ಹಳೇ ಡ್ರೈವರ್ ಐಎಸ್‌ಡಿಎನ್4ಲಿನಕ್ಸನ್ನ 2019ರಲ್ಲಿ ಕರ್ನಲ್ಲಿನ (ಲಿನಕ್ಸಿನ ತಿರುಳಿನ) 5.3 ಆವೃತ್ತಿಲಿ ತೆಗೆದುಹಾಕಿದ್ರು, ಅದರ ಬಗ್ಗೆ ಬರೆದ ಹಳೇ ಗೈಡ್ ಹಿಡ್ಕೊಂಡು ಕೂತ್ರೆ ಸಮಯ ಹಾಳು. ಎನ್‌ಟಿ ಮೋಡಲ್ಲಿ ವೈರು ಅದಲುಬದಲು ಆಗ್ಬೇಕು, ಈ ಕಡೆಯ 3, 6 ಆ ಕಡೆಯ 4, 5ಕ್ಕೆ. ಇದು ಮಾಮೂಲಿ ನೆಟ್‌ವರ್ಕ್ ಕ್ರಾಸ್ ಕೇಬಲ್ ಅಲ್ಲ, ನೀವೇ ಕ್ರಿಂಪ್ ಮಾಡ್ಕೋಬೇಕು.

ಪಿಬಿಎಕ್ಸ್ ಸಿಕ್ತು ಅಂತಾದ್ರೆ ಪಿಪಿಪಿಗೆ ಹೋಗೋ ಮುಂಚೆ ಎರಡೂ ಕಡೆ ಹೈಪರ್‌ಟರ್ಮಿನಲ್ ತೆಗೆದು ಎಕ್ಸ್.75ರಲ್ಲೇ ಕಾಲ್ ಮಾಡಿ ನೋಡಿ, ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಬಂದ್ರೆ ಕೆಳಗಿನ ಪದರ ಎಲ್ಲ ಸರಿ ಅಂತಾಯ್ತು. ಆಮೇಲೆ ಎರಡನೇ ಪಿಸಿಗೆ ವಿಂಡೋಸ್ 2000 ಹಾಕಿ, ಅದರಲ್ಲಿ ಇನ್‌ಕಮಿಂಗ್ ಕನೆಕ್ಷನ್ ಅಂತ ಇದೆ, ಅದೇ ನಿಮ್ಮ ಐಎಸ್‌ಪಿ ಆಗ್ತದೆ. ಎರಡೂ ಕಡೆ ಸಿಂಕ್ ಪಿಪಿಪಿ ಮಾಡಿ.

———

ಸದಾಶಿವಗಡ (ಕಾರವಾರ):

ಕ್ರಿಂಪ್ ಮಾಡೋದಿದ್ರೆ ಕಾರವಾರಕ್ಕೆ ಬಂದಾಗ ಹೇಳು ತಮ್ಮಾ, ಟೂಲ್ ನನ್ನ ಹತ್ರ ಇದೆ, ಹತ್ತು ನಿಮಿಷದ ಕೆಲಸ. ಮಳೆಗಾಲದಲ್ಲಿ ಆ ಮಷೀನಿನ ಪ್ಲಗ್ ಕಿತ್ತಿಡು, ಶಿರಸಿ ಸಿಡಿಲು ಗೊತ್ತಲ್ಲ. ಮತ್ತೆ ಮಕ್ಕಳಿಗೆ ಒಂದು ಬೋರ್ಡಲ್ಲಿ ಇಷ್ಟು ಬರೆದು ಹಾಕು, ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಶುರುವಾಗಿದ್ದು 1995ರ ಆಗಸ್ಟ್ 15, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ (ವಿದೇಶ ಸಂಚಾರ್ ನಿಗಮ) ಕೊಟ್ಟಿದ್ದು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಅದೇ ತಾಮ್ರದ ಜೋಡಿಲಿ ಡಿಎಸ್‌ಎಲ್ ಓಡ್ಲಿಕ್ಕೆ ಶುರುವಾಯ್ತು, ಮನೆಯವರಿಗೆ ಐಎಸ್‌ಡಿಎನ್ ಬೇಡವಾಯ್ತು.

———

ದೇವಿಕೆರೆ_ಹುಡುಗ:

ಹುಬ್ಬಳ್ಳಿಲಿ ಒಬ್ರ ಹತ್ರ ಪಿಬಿಎಕ್ಸ್ ಇದೆ ಅಂತ ಗೊತ್ತಾಯ್ತು, ಹಿಂದಿನ ಪೋರ್ಟಿನ ಫೋಟೋ ಕಳಿಸ್ತೀನಿ ಅಂದಿದ್ದಾರೆ. ಬಂದ ಕೂಡ್ಲೇ ಇಲ್ಲಿ ಹಾಕ್ತೇನೆ, ಒಳಗಿನ ಎಸ್-ಜೀರೋ ಹೌದೋ ಅಲ್ವೋ ನೋಡಿ ಹೇಳಿ. ಕಾರವಾರಕ್ಕೆ ಮುಂದಿನ ವಾರ ಬರ್ತೀನಿ ಮಾಮ.