ಓದುಗರ ಸ್ಪಂದನ: ಟಿಕೆಟಿಗೆ ಮೊದಲು ಕೂಸಿನ ಕಾಗದ

ಕಳೆದ ಬಾರಿಯ ಸಮಸ್ಯೆ (ನವೆಂಬರ್ 2020; ಕೆಳಗಿನ ಕೋವಿಡ್ ನಿಯಮಗಳು ಆಗಿನವು): ಮಂಜೇಶ್ವರದ ಓದುಗರೊಬ್ಬರ ತಮ್ಮನ ಸಂಸಾರ ಪಶ್ಚಿಮ ಕೀನ್ಯಾದಲ್ಲಿ ಮಿಷನ್ ಕೆಲಸದಲ್ಲಿದೆ. ಮಾರ್ಚ್‌ನಲ್ಲಿ ಊರಿಗೆ ಹೊರಟವರು ಕೊರೊನಾದಿಂದ ವಿಮಾನ ನಿಂತು ಅಲ್ಲೇ ಉಳಿದರು. ಒಂಬತ್ತು ವರ್ಷದ ಹುಡುಗ, ಈ ಜನವರಿಯಲ್ಲಿ ಅಲ್ಲೇ ಹುಟ್ಟಿದ ಹೆಣ್ಣು ಕೂಸು. ಏರ್ ಬಬಲ್ (ಎರಡು ದೇಶಗಳ ನಡುವಿನ ವಿಶೇಷ ವಿಮಾನ ಸಂಚಾರದ) ಒಪ್ಪಂದದಿಂದ ಈಗ ನೈರೋಬಿ–ಮುಂಬೈ ವಿಮಾನ ಉಂಟು. ಕೂಡಲೇ ಟಿಕೆಟ್ ಮಾಡಲು ಹೇಳಲೇ?

ಕಾಸರಗೋಡಿನಿಂದ, ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಡುವವರು

ಅಕ್ಕಾ, ಈಗಲೇ ಬೇಡ. ನಿಮ್ಮ ಪತ್ರದಲ್ಲಿ ಕೂಸಿನ ಪಾಸ್‌ಪೋರ್ಟಿನ ಸುದ್ದಿಯೇ ಇಲ್ಲ. ಕೀನ್ಯಾದಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. 2010ರ ಅವರ ಸಂವಿಧಾನದ ಪ್ರಕಾರ ತಂದೆಯೋ ತಾಯಿಯೋ ಅಲ್ಲಿಯ ಪ್ರಜೆಯಾಗಿರಬೇಕು. ನಮ್ಮ 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಅವಳನ್ನು ಭಾರತೀಯಳೆಂದು ಒಪ್ಪುತ್ತದೆ, ಆದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ (ಅಲ್ಲಿ ಅದಕ್ಕೆ ಹೈಕಮಿಷನ್ ಎನ್ನುತ್ತಾರೆ) ನೋಂದಣಿಯಾಗಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದವರಿಗೆಲ್ಲ ಇದೇ ಶರತ್ತು. ವರ್ಷ ದಾಟಿತೋ, ಕೇಂದ್ರ ಸರಕಾರದ ಅನುಮತಿಗೆ ಬರೆದು ಕಾಯಬೇಕು. ನಿಮ್ಮವರಿಗೆ ಉಳಿದಿರುವುದು ಬರೇ ಎರಡು ತಿಂಗಳ ಒಳಗಿನ ಸಮಯ.

ಅಲ್ಲಿಯ ಆಸ್ಪತ್ರೆ ಕೊಡುವುದು ಜನನ ಸೂಚನೆಯ ಚೀಟಿ. ಅದನ್ನೇ ಪ್ರಮಾಣಪತ್ರ ಎಂದುಕೊಂಡು ಹೈಕಮಿಷನ್ನಿಗೆ ಹೋದವರು ಬರಿಗೈಯಲ್ಲಿ ವಾಪಸು ಬರುತ್ತಾರೆ. ಚೀಟಿ ಕೊಟ್ಟು ಸಿವಿಲ್ ರಿಜಿಸ್ಟ್ರೇಷನ್ ಕಚೇರಿಯಿಂದ ಜನನ ಪ್ರಮಾಣಪತ್ರ ತೆಗೆಯಲಿ. ಹೆಸರಿನ ವಿಷಯದಲ್ಲಿ ಜಾಗ್ರತೆ: ನಮ್ಮ ಕಡೆ ತಂದೆಯ ಹೆಸರನ್ನೋ ಮನೆತನವನ್ನೋ ಇನಿಶಿಯಲ್ ಮಾಡಿ ಬಿಡುವ ಅಭ್ಯಾಸ. ಅಲ್ಲಿಯ ಗುಮಾಸ್ತ ಅದನ್ನು ತನಗೆ ತೋಚಿದಂತೆ ಬಿಡಿಸಿ ಬರೆದರೆ ಅಪ್ಪನ ಪಾಸ್‌ಪೋರ್ಟಿಗೂ ಮಗಳ ಪ್ರಮಾಣಪತ್ರಕ್ಕೂ ತಾಳೆಯಾಗುವುದಿಲ್ಲ. ಅಪ್ಪ-ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಅಕ್ಷರ ಬಿಡದೆ ಇರಲಿ.

ಆಮೇಲೆ ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ನೋಂದಣಿ. ಇಬ್ಬರ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂಬ ಘೋಷಣೆ ಬೇಕು. ಇಗರ್ಜಿಯ ವಿವಾಹ ದಾಖಲೆಯ ಪ್ರತಿ ಮಾತ್ರ ಇದ್ದರೆ, ಇಲ್ಲಿಯ ಪಂಚಾಯತಿನಿಂದ ಸರಕಾರಿ ಪ್ರಮಾಣಪತ್ರ ತೆಗೆದು ಸ್ಕ್ಯಾನ್ ಮಾಡಿ ಕಳಿಸಿ, ಅಸಲನ್ನು ಕೊರಿಯರ್ ಮಾಡಿ. ನೀವು ಇಲ್ಲಿಂದ ಮಾಡಬಹುದಾದ ದೊಡ್ಡ ಉಪಕಾರ ಅದು. ಪಾಸ್‌ಪೋರ್ಟಿಗೆ ಅನೆಕ್ಷರ್ ‘ಡಿ’ ಎಂಬ ತಂದೆ-ತಾಯಿಯ ಘೋಷಣೆಯ ನಮೂನೆಯಲ್ಲಿ ಇಬ್ಬರ ಸಹಿಯೂ ಬೇಕು. ಫೋಟೋಗೆ ಬಿಳಿ ಹಿನ್ನೆಲೆ ಇರಲಿ, ಕೂಸನ್ನು ಹಿಡಿದ ಕೈ ಕಾಣಬಾರದು. ಬಿಳಿ ಬೆಡ್‌ಶೀಟಿನ ಮೇಲೆ ಮಲಗಿಸಿ ಮೇಲಿನಿಂದ ತೆಗೆದರೆ ಸುಲಭ. ಪಾಸ್‌ಪೋರ್ಟ್ ಪುಸ್ತಕ ತಡವಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು, ಅದು ಭಾರತಕ್ಕೆ ಒಂದೇ ಪ್ರಯಾಣಕ್ಕೆ ನಡೆಯುತ್ತದೆ. ನೋಂದಣಿಯನ್ನು ಮಾತ್ರ ಬಿಟ್ಟು ಹೊರಡಬೇಡಿ.

ಮತ್ತೊಂದು: ಧಾರ್ಮಿಕ, ದತ್ತಿ ಸಂಸ್ಥೆಯವರಿಗೆ ಕೀನ್ಯಾ ಕೊಡುವ ‘ಕ್ಲಾಸ್ ಐ’ ಪರ್ಮಿಟ್‌ನ ತಾರೀಕು ನೋಡಿ. ಕಾಯುವ ಗಡಿಬಿಡಿಯಲ್ಲಿ ಅದು ಮುಗಿದರೆ ಹೆಂಡತಿ-ಮಕ್ಕಳ ಡಿಪೆಂಡೆಂಟ್ ಪಾಸ್ ಕೂಡ ಅದರ ಬೆನ್ನಿಗೇ ಹೋಗುತ್ತದೆ. ಕೂಸಿಗೂ ಆ ಪಾಸ್ ಆಗಿದೆಯೋ ಕೇಳಿ.

ಕುಂಬಳೆಯಿಂದ, ಮಕ್ಕಳ ಲಸಿಕೆಯ ಕೆಲಸದ ದಾದಿ

ಎಲ್ಲರೂ ಕೊರೊನಾ ಟೆಸ್ಟಿನ ಹಿಂದೆ ಬಿದ್ದು ಹಳದಿ ಜ್ವರವನ್ನು ಮರೆಯುತ್ತಾರೆ. ಕೀನ್ಯಾದಿಂದ ಬರುವವರಿಗೆ ಭಾರತ ಹಳದಿ ಜ್ವರದ ಲಸಿಕೆಯ ಕಾರ್ಡ್ ಕೇಳುತ್ತದೆ. ಆರು ತಿಂಗಳಿಗಿಂತ ಸಣ್ಣ ಕೂಸಿಗೆ ಮಾತ್ರ ವಿನಾಯಿತಿ. ನಿಮ್ಮದು ಹತ್ತು ತಿಂಗಳು ದಾಟಿದೆ. ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು, ಕೂಸನ್ನು ಇಟ್ಟರೆ ಅಮ್ಮನೂ ಜೊತೆಗೆ.

ಒಂಬತ್ತು ತಿಂಗಳಾದ ಮೇಲೆ ಈ ಲಸಿಕೆ ಕೊಡಬಹುದು, ಕಾರ್ಡ್ ಊರ್ಜಿತವಾಗುವುದು ಹತ್ತನೇ ದಿನದಿಂದ. ಅದೇ ವಯಸ್ಸಿಗೆ ದಡಾರದ ಚುಚ್ಚುಮದ್ದೂ ಬರುತ್ತದೆ. ಎರಡೂ ಜೀವಂತ ಲಸಿಕೆ. ಒಂದೇ ದಿನ ಕೊಡಬೇಕು, ಇಲ್ಲವಾದರೆ ನಾಲ್ಕು ವಾರ ಅಂತರ ಬಿಡಬೇಕು. ದಡಾರದ್ದು ಯಾವತ್ತು ಹಾಕಿಸಿದರು ಅಂತ ಕೇಳಿ ಎಣಿಸಿ, ಹತ್ತು ದಿನ ಕೂಡಿಸಿ, ಆಮೇಲೆ ಪ್ರಯಾಣದ ತಾರೀಕು ಗೊತ್ತುಮಾಡಿ. ದೊಡ್ಡವರು ಹಿಂದೆ ಹಾಕಿಸಿಕೊಂಡಿದ್ದರೆ ಅದೇ ಕಾರ್ಡ್ ಜೀವಮಾನಕ್ಕೆ ಸಾಕು.

ಉಪ್ಪಳದಿಂದ, ಟ್ರಾವೆಲ್ಸಿನವರು

2020ರ ನವೆಂಬರ್ 5ರ ಕೇಂದ್ರ ಸರಕಾರದ ಕೋವಿಡ್ ಮಾರ್ಗಸೂಚಿಯಲ್ಲಿ ಆರ್‌ಟಿ-ಪಿಸಿಆರ್ ಪ್ರಯಾಣಕ್ಕೆ ಮೊದಲಿನ 72 ಗಂಟೆಯೊಳಗಿನದಾಗಿರಬೇಕು. ಲೆಕ್ಕ ಹಿಡಿಯುವುದು ದ್ರವ ತೆಗೆದ ಹೊತ್ತಿನಿಂದ, ವರದಿ ಬಂದ ಹೊತ್ತಿನಿಂದ ಅಲ್ಲ. ಗುರುವಾರ ಸಂಜೆಯ ವಿಮಾನಕ್ಕೆ ಮಂಗಳವಾರ ಬೆಳಿಗ್ಗೆ ನೈರೋಬಿಯಲ್ಲೇ ಕೊಟ್ಟರೆ ನೆಮ್ಮದಿ. ಕೂಸಿಗೆ ಬೇಡ ಎಂದು ಊಹಿಸಬೇಡಿ, ನಾಲ್ವರದ್ದೂ ಮಾಡಿಸಿ. ಹತ್ತು ವರ್ಷದವರೆಗಿನ ಮಕ್ಕಳಿರುವ ತಂದೆ-ತಾಯಿಗೆ ಹೋಟೆಲ್ ಕ್ವಾರಂಟೈನ್ ಬದಲು ಮನೆಯಲ್ಲಿರಲು ಅವಕಾಶ ಉಂಟು. ಅದರ ಅರ್ಜಿಯೂ ಸ್ವಯಂಘೋಷಣೆಯೂ ಆನ್‌ಲೈನ್‌ನಲ್ಲಿ ವಿಮಾನ ಹತ್ತುವ 72 ಗಂಟೆ ಮೊದಲೇ ಸಲ್ಲಿಕೆಯಾಗಬೇಕು. ಹಾಗೆಂದರೆ ಟೆಸ್ಟಿನ ವರದಿ ಕೈಸೇರುವ ಮೊದಲೇ ಅರ್ಜಿ ಹೋಗಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು.

ಮುಂಬೈಯಿಂದ ಮಂಗಳೂರಿಗೆ ಬೇರೆ ಟಿಕೆಟ್ ಆದರೆ ಸಾಮಾನು ಅಲ್ಲಿ ಇಳಿಸಿಕೊಂಡು ಮತ್ತೆ ಕೊಡಬೇಕು. ಎರಡು ಗಂಟೆಯ ಅಂತರ ಇಟ್ಟು ಮಾಡಬೇಡಿ ಮಾರಾಯ್ರೇ, ಮರುದಿನದ್ದು ಮಾಡಿ.

ನೀಲೇಶ್ವರದಿಂದ

ಮಂಜೇಶ್ವರ ಕೇರಳದಲ್ಲಿರುವುದರಿಂದ ಕಣ್ಣೂರಿಗೆ ಬಂದರೆ ಒಂದೇ ರಾಜ್ಯದ ನಿಯಮ ಎನ್ನುವವರಿದ್ದಾರೆ. ಆ ವಿಮಾನ ನಿಲ್ದಾಣವಿರುವ ಮಟ್ಟನ್ನೂರಿನಿಂದ ಮಂಜೇಶ್ವರಕ್ಕೆ ನೂರು ಕಿಲೋಮೀಟರು ಮೀರಿದ ದಾರಿ, ಕೂಸಿನ ಜೊತೆಗೆ ಬೇಡ. ಮಂಗಳೂರಿಗೇ ಬರಲಿ. ಆದರೆ ಮಾರ್ಚ್‌ನಲ್ಲಿ ಕರ್ನಾಟಕ–ಕೇರಳ ಗಡಿಯ ತಲಪಾಡಿ ಹೇಗೆ ಮುಚ್ಚಿತೆಂದು ನಮಗೆಲ್ಲ ಗೊತ್ತು. ಕೇರಳದ ಕೋವಿಡ್-19 ಜಾಗ್ರತಾ ಪೋರ್ಟಲ್‌ನಲ್ಲಿ ಹೊರಡುವ ಮೊದಲೇ ನಾಲ್ವರ ಹೆಸರೂ ಸೇರಿಸಿ ಪ್ರಿಂಟ್ ಇಟ್ಟುಕೊಳ್ಳಲಿ. ಮನೆಯಲ್ಲಿ ಪ್ರತ್ಯೇಕ ಬಚ್ಚಲುಮನೆಯಿರುವ ಕೋಣೆ ಬೇಕಾಗುತ್ತದೆ. ವಾರ್ಡಿನ ಜಾಗ್ರತಾ ಸಮಿತಿಗೆ, ಆಶಾ ಕಾರ್ಯಕರ್ತೆಗೆ ನೀವೇ ಮುಂಚಿತವಾಗಿ ತಿಳಿಸಿ.

ಬದಿಯಡ್ಕದಿಂದ, ಪ್ರಾಥಮಿಕ ಶಾಲೆಯ ಮಾಸ್ತರರು

ಹುಡುಗನ ಪಾಠದ ಬಗ್ಗೆ ಯಾರೂ ಬರೆದಂತಿಲ್ಲ. 2020ರ ಜೂನ್ 1ರಂದು ಶುರುವಾದ ಕೇರಳ ಸರಕಾರದ ಫಸ್ಟ್ ಬೆಲ್ ಆನ್‌ಲೈನ್ ತರಗತಿಗಳು ಕನ್ನಡ ಮಾಧ್ಯಮದಲ್ಲೂ ಯೂಟ್ಯೂಬಿನಲ್ಲಿವೆ, ಪಠ್ಯಪುಸ್ತಕ ಸಮಗ್ರ ಪೋರ್ಟಲ್‌ನಲ್ಲಿ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಮೊದಲೇ ರೆಕಾರ್ಡ್ ಮಾಡಿದ ಪಾಠವಾದ್ದರಿಂದ ಅಡ್ಡಿಯಿಲ್ಲ, ಇಂಟರ್‌ನೆಟ್ ಸಿಕ್ಕಾಗ ಇಳಿಸಿಟ್ಟುಕೊಳ್ಳಲಿ. ಬಂದ ಮೇಲೆ ಟಿ.ಸಿ. ಇಲ್ಲವೆಂದು ಶಾಲೆ ಸೇರಿಸಲು ತಡ ಮಾಡುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹಾಗೆ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಕೇಳಿ.