ವಾಂತಿ-ಭೇದಿ ಲೆಕ್ಕ ಯಾರು ಬರೆಯುತ್ತಾರೆ, ಬರೆದು ಏನು ಮಾಡುತ್ತಾರೆ?

ಹಳೇಪೇಟೆ: ಮಳೆ ಶುರುವಾದಾಗಿನಿಂದ ನಮ್ಮ ಬೀದಿಯಲ್ಲಿ ಮನೆಗೊಬ್ಬರಿಗೆ ಹೊಟ್ಟೆ ಕೆಟ್ಟಿದೆ. ಎಲ್ಲರೂ ಮೂಲೆಯ ಕ್ಲಿನಿಕ್‌ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬಂದರು. ಇಬ್ಬರಿಗೆ ಟೈಫಾಯ್ಡ್ ಅಂತ ಹೇಳಿದ್ದಾರೆ. ದೇಶದಲ್ಲಿ 2004ರಿಂದ ಐಡಿಎಸ್‌ಪಿ ಅಂತ ರೋಗ ಕಣ್ಗಾವಲು ಯೋಜನೆ ಇದೆಯಲ್ಲ, ಇವೆಲ್ಲ ಅದರ ಲೆಕ್ಕಕ್ಕೆ ಬರುತ್ತವಾ? ನನಗಂತೂ ನಂಬಿಕೆ ಇಲ್ಲ. ಬೇಕಂತಲೇ ಮುಚ್ಚಿಡುತ್ತಾರೆ.

ಸಬ್‌ಸೆಂಟರ್ ಅಕ್ಕ: ಮುಚ್ಚಿಡಬೇಕಾದರೂ ಮೊದಲು ನಮ್ಮ ಕೈಗೆ ಸಿಗಬೇಕಲ್ವಾ? ಇದರಲ್ಲಿ ಮೂರು ಫಾರಂ ಇವೆ. ಎಸ್ ಅಂದರೆ ನಾವು ಮನೆಮನೆಗೆ ಹೋದಾಗ ಕಂಡ ಲಕ್ಷಣ. ಪಿ ಅಂದರೆ ಡಾಕ್ಟರ ಅಂದಾಜು. ಎಲ್ ಅಂದರೆ ಲ್ಯಾಬಿನಲ್ಲಿ ಖಚಿತವಾದದ್ದು. ಮೊದಲು ವಾರಕ್ಕೊಮ್ಮೆ ಕಳಿಸುತ್ತಿದ್ದೆವು, 2021ರಲ್ಲಿ ಐಎಚ್‌ಐಪಿ ಅನ್ನುವ ಆರೋಗ್ಯ ಮಾಹಿತಿ ಪೋರ್ಟಲ್ ಬಂದ ಮೇಲೆ ದಿನಾ ಮೊಬೈಲಿನಲ್ಲೇ ಹಾಕಬೇಕು. ನಿಮ್ಮ ಮೂಲೆ ಕ್ಲಿನಿಕ್ಕಿನವರು ಹಾಕದಿದ್ದರೆ ನಿಮ್ಮ ಬೀದಿ ನಮ್ಮ ಲೆಕ್ಕದಲ್ಲಿ ಆರೋಗ್ಯವಾಗಿಯೇ ಇರುತ್ತದೆ.

ಲ್ಯಾಬ್ ಮೂಲೆ: ಅಕ್ಕ ಹೇಳಿದ ಮೂರರಲ್ಲಿ ಸೊರಗಿರುವುದು ಎಲ್. ಭೇದಿ ಅಂತ ಬರೆದರೆ ಅದು ಕಾಲರಾನಾ, ಶಿಗೆಲ್ಲಾನಾ, ವೈರಸ್ಸಾ ಗೊತ್ತಾಗುವುದಿಲ್ಲ. ನಮ್ಮಲ್ಲಿಗೆ ಸ್ಯಾಂಪಲ್ ಹೇಗೆ ಬರುತ್ತದೆ ಹೇಳುತ್ತೇನೆ ಕೇಳಿ. ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಪಾಡುವ ಕ್ಯಾರಿ-ಬ್ಲೇರ್ ಅನ್ನುವ ಮಾಧ್ಯಮದ ಟ್ಯೂಬಿನಲ್ಲಿ ಸ್ವ್ಯಾಬ್ ಹಾಕಿ ಕಳಿಸಬೇಕು. ಬರುವುದು ಒಣಗಿದ ಹತ್ತಿಕಡ್ಡಿ, ಇಲ್ಲವೇ ರೋಗಿ ಎರಡು ದಿನ ಆ್ಯಂಟಿಬಯೋಟಿಕ್ ನುಂಗಿದ ಮೇಲೆ ತೆಗೆದ ಮಲ. ಪ್ಲೇಟಿನಲ್ಲಿ ಏನು ಬೆಳೆಯಬೇಕು? ಸರಿಯಾಗಿ ಬಂದರೆ ಕೆಲಸ ಸಲೀಸು. ಕಾಲರಾ ಬ್ಯಾಕ್ಟೀರಿಯಾ ಬೆಳೆಸುವ ಟಿಸಿಬಿಎಸ್ ಪ್ಲೇಟಿನಲ್ಲಿ ಮಾರನೇ ದಿನವೇ ಹಳದಿ ಕಾಲೊನಿ ಕಾಣುತ್ತವೆ, ಆಮೇಲೆ ಕಾಲರಾ ಹೌದಾ ಅಲ್ಲವಾ ಅಂತ ಖಚಿತ ಮಾಡಿಕೊಳ್ಳುತ್ತೇವೆ.

ನೀರುಗಂಟಿ: ಹೆಸರು ಗೊತ್ತಾದರೆ ಭೇದಿ ನಿಲ್ಲುತ್ತಾ ಸಾರ್? ನಾನು ಊರಿಗೆ ನೀರು ಬಿಡುವವನು. ಚರಂಡಿ ಪಕ್ಕ ಪೈಪ್ ಒಡೆದಿದೆ, ವಾಲ್ವ್ ಗುಂಡಿಯಲ್ಲಿ ಕೊಳಚೆ ನಿಂತಿದೆ. ನೀರು ಬಂದ್ ಆದಾಗ ಅದೇ ಕೊಳಚೆಯನ್ನು ಪೈಪ್ ಒಳಗೆ ಎಳೆದುಕೊಳ್ಳುತ್ತದೆ. ಕೊನೇ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ನೋಡಿ, ಅದು ಸಾಕು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತ ಮೇಲೆ ಎಲ್ಲರೂ ಓಡಿ ಬಂದರು. ಫಾರಂ ತುಂಬುವ ದುಡ್ಡಲ್ಲಿ ಪೈಪ್ ಹಾಕಿ.

ಹ್ಯಾಂಬರ್ಗ್ ಕನ್ನಡಿಗ: ಎಲ್ಲ ಸಲವೂ ಪೈಪೇ ಕಳ್ಳ ಅಂದುಕೊಂಡರೆ ಮೋಸ ಹೋಗುತ್ತೀರಿ. 2011ರ ಮೇ ತಿಂಗಳಲ್ಲಿ ಇಲ್ಲಿ ರಕ್ತಭೇದಿ ಹಬ್ಬಿತು. ಇ. ಕೋಲಿ ಒ104 ಅನ್ನುವ ತಳಿ, ಹಲವರ ಕಿಡ್ನಿಯನ್ನೇ ಕೆಡಿಸಿತು. 3,800ಕ್ಕೂ ಹೆಚ್ಚು ಜನರಿಗೆ ಕಾಯಿಲೆ, 50ಕ್ಕೂ ಹೆಚ್ಚು ಸಾವು. ಹ್ಯಾಂಬರ್ಗಿನವರು ಮೊದಲು ಸ್ಪೇನಿನ ಸೌತೆಕಾಯಿ ಅಂದರು. ಆ ಸೌತೆಕಾಯಿಯಲ್ಲಿ ಇ. ಕೋಲಿ ಇತ್ತು ನಿಜ, ಆದರೆ ತಳಿ ಬೇರೆ. ಅಷ್ಟರಲ್ಲಿ ಸ್ಪೇನಿನ ರೈತರು ಮುಳುಗಿಹೋಗಿದ್ದರು. ಕೊನೆಗೆ ಲ್ಯೂಬೆಕ್‌ನ ಒಂದು ಹೋಟೆಲಿನಲ್ಲಿ ಊಟ ಮಾಡಿದವರನ್ನು ಹಿಡಿದು, ಯಾವ ಡಿಶ್ ತಿಂದಿರಿ ಅಂತ ಕೇಳಿ, ಅದರಲ್ಲಿ ಏನೇನು ಹಾಕಿದ್ದೀರಿ ಅಂತ ಅಡುಗೆಯವರನ್ನು ಕೇಳಿದರು. ಸಿಕ್ಕಿದ್ದು ಮೊಳಕೆಕಾಳು. ತಿಂದವರಿಗೆ ಅದು ತಟ್ಟೆಯಲ್ಲಿ ಇತ್ತು ಅನ್ನುವುದೇ ನೆನಪಿರಲಿಲ್ಲ! ಮೂಲ ಹುಡುಕುತ್ತಾ ಹೋದರೆ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜ. ನಮ್ಮ ಮೆಂತ್ಯವೇ.

ಹಳೇಪೇಟೆ: ಜರ್ಮನಿಯಲ್ಲಿ ವ್ಯವಸ್ಥೆ ಇದೆ, ಹುಡುಕಿದರು. ಅದರಿಂದ ನಮಗೇನು?

ಹ್ಯಾಂಬರ್ಗ್ ಕನ್ನಡಿಗ: ಇಲ್ಲೂ ವ್ಯವಸ್ಥೆ ಆಮೆನಡಿಗೆಯಲ್ಲೇ ಇತ್ತು. ಜಿಲ್ಲೆಯಿಂದ ರಾಜ್ಯ, ರಾಜ್ಯದಿಂದ ಬರ್ಲಿನ್‌ನ ರಾಬರ್ಟ್ ಕೋಖ್ ಸಂಸ್ಥೆ, ಹೀಗೆ ವರದಿ ತಲುಪಲು ಒಂದು ವಾರದ ಮೇಲೆ ಹಿಡಿಯಬಹುದಿತ್ತು. ಬೈಸಿಕೊಂಡ ಮೇಲೆ ಕಾನೂನು ತಿದ್ದಿ ಗಡುವು ಕಡಿಮೆ ಮಾಡಿದರು. ಲೆಕ್ಕ ಪೂರ್ತಿ ಸಿಗುವುದು ಎಲ್ಲೂ ಇಲ್ಲ ಬಿಡಿ. ಬ್ರಿಟನ್ನಿನವರೇ ಲೆಕ್ಕ ಹಾಕಿ ನೋಡಿದಾಗ, ರಾಷ್ಟ್ರೀಯ ಪಟ್ಟಿಗೆ ಬಂದ ಒಂದು ಕ್ಯಾಂಪಿಲೋಬ್ಯಾಕ್ಟರ್ (ಭೇದಿ ತರುವ ಒಂದು ಬ್ಯಾಕ್ಟೀರಿಯಾ) ಕೇಸಿಗೆ ಊರಲ್ಲಿ ಸುಮಾರು ಒಂಬತ್ತು ಕೇಸು ಇದ್ದವು.

ಕ್ಲಿನಿಕ್ ಡಾಕ್ಟ್ರು: ಮೂಲೆ ಕ್ಲಿನಿಕ್ ಅಂತ ಎಲ್ಲರೂ ಬೈಯುತ್ತಿದ್ದೀರಲ್ಲ, ನನ್ನ ಮಾತೂ ಕೇಳಿ. ಟೈಫಾಯ್ಡ್ ಅನುಮಾನ ಬಂದರೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಬರೆಯಬೇಕು, ನನಗೂ ಗೊತ್ತು. ರಿಪೋರ್ಟಿಗೆ ಮೂರ್ನಾಲ್ಕು ದಿನ. ಅದೂ ನಿಜವಾದ ಟೈಫಾಯ್ಡ್‌ಗಳಲ್ಲಿ ಸುಮಾರು 40 ಪರ್ಸೆಂಟ್ ತಪ್ಪಿಸಿಕೊಳ್ಳುತ್ತವೆ. ವಿಡಾಲ್ ಅನ್ನುವ ರಕ್ತ ಪರೀಕ್ಷೆ ಆದರೆ ಸಂಜೆಗೇ ಸಿಗುತ್ತದೆ, ಅಗ್ಗ. ಕಲ್ಚರ್ ಬರೆದುಕೊಟ್ಟರೆ ರೋಗಿ ಚೀಟಿ ಮಡಚಿಕೊಂಡು ಎದುರುಗಡೆ ಕ್ಲಿನಿಕ್‌ಗೆ ಹೋಗುತ್ತಾನೆ. ಇದರ ಮೇಲೆ ಪೋರ್ಟಲ್ ಎಂಟ್ರಿ ಬೇರೆ. ಯಾರು ಕೂತು ಮಾಡುತ್ತಾರೆ?

ಲ್ಯಾಬ್ ಮೂಲೆ: ಅದೇ ತೊಂದರೆ ಡಾಕ್ಟ್ರೇ. ವಿಡಾಲ್ ನೋಡುವುದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಹಿಂದೆಂದೋ ಸೋಂಕು ಆಗಿದ್ದರೂ, ಬೇರೆ ಜ್ವರ ಇದ್ದರೂ 1:80ರಂಥ ಪಾಸಿಟಿವ್ ಅಂಕಿ ತೋರಿಸಬಹುದು. ಆ ಕೇಸು ಪಿ ಫಾರಂನಲ್ಲಿ ಟೈಫಾಯ್ಡ್ ಆಗಿ ಕೂರುತ್ತದೆ. ಹೀಗಾಗಿ ಒಂದು ಕಡೆ ಸುಳ್ಳು ಟೈಫಾಯ್ಡ್ ಜಾಸ್ತಿ, ಇನ್ನೊಂದು ಕಡೆ ನಿಜವಾದದ್ದು ಬಿಟ್ಟುಹೋಗುತ್ತದೆ. 2017ರಿಂದ 2020ರವರೆಗೆ ಭಾರತದ ಟೈಫಾಯ್ಡ್ ಲೆಕ್ಕ ಹಾಕಲು ನಡೆದ ಸೆಫಿ ಅನ್ನುವ ಅಧ್ಯಯನದಲ್ಲಿ ಮಕ್ಕಳನ್ನು ಹಿಂಬಾಲಿಸಿ, ಜ್ವರ ಬಂದಾಗ ಕಲ್ಚರ್ ಮಾಡಿದರು. ದೆಹಲಿ, ಕೋಲ್ಕತ್ತಾ, ವೆಲ್ಲೂರು ನಗರಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಿಗೆ 576ರಿಂದ 1,173 ಟೈಫಾಯ್ಡ್ ಕೇಸು. ಪುಣೆಯ ಹಳ್ಳಿ ಕಡೆ ಬರೀ 35. ಈ ವ್ಯತ್ಯಾಸ ವಿಡಾಲ್ ರಾಶಿಯಿಂದ ತಿಳಿಯುತ್ತಿತ್ತಾ?

ನೀರುಗಂಟಿ: ನಗರದ ಪೈಪ್ ಕೆಟ್ಟದ್ದು ಅಂತಾಯಿತು. ನಾನು ಹೇಳಿದ್ದೂ ಅದೇ.

ಲ್ಯಾಬ್ ಮೂಲೆ: ಪೈಪ್ ಹಾಕುವವರೆಗೆ ಯಾವ ಔಷಧಿ ಕೊಡುತ್ತೀರಿ? ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರ ಕೊನೆಗೆ ಸೆಫ್ಟ್ರಯಾಕ್ಸೋನ್ ಅನ್ನುವ ಆ್ಯಂಟಿಬಯೋಟಿಕ್‌ಗೂ ಬಗ್ಗದ ಟೈಫಾಯ್ಡ್ ಶುರುವಾಯಿತು. ಗೊತ್ತಾಗಿದ್ದು ಕಲ್ಚರ್ ಮಾಡುವ ಲ್ಯಾಬ್ ಇದ್ದದ್ದರಿಂದ. ಆ ಮೇಲೆ ಲಸಿಕೆ ಹಾಕಿದರು, 2019ರಲ್ಲಿ ಅದನ್ನು ಮಕ್ಕಳ ಮಾಮೂಲಿ ಲಸಿಕೆ ಪಟ್ಟಿಗೇ ಸೇರಿಸಿದರು. ನಮ್ಮಲ್ಲಿ ಸಿಪ್ರೊಫ್ಲಾಕ್ಸಾಸಿನ್ ಟೈಫಾಯ್ಡ್‌ಗೆ ಕೈಕೊಟ್ಟು ಎಷ್ಟೋ ವರ್ಷ ಆಯಿತು. ಮುಂದಿನದು ಯಾವಾಗ ಕೈಕೊಡುತ್ತದೆ ಅಂತ ವಿಡಾಲ್ ಹೇಳುವುದಿಲ್ಲ.

ಹಳೇಪೇಟೆ: ಹಾಗಾದರೆ ಪ್ರತಿ ಭೇದಿಗೂ ಕಲ್ಚರ್ ಮಾಡಿಸಬೇಕಾ? ದುಡ್ಡು ಯಾರಪ್ಪ ಕೊಡುತ್ತಾನೆ?

ಸಬ್‌ಸೆಂಟರ್ ಅಕ್ಕ: ಅಯ್ಯೋ ಬೇಡ. ಸಾಮಾನ್ಯ ಭೇದಿಗೆ ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಜಿಂಕ್, ಅಷ್ಟೇ. ಒಂದೇ ಬೀದಿಯಲ್ಲಿ ಒಂದೇ ವಾರದಲ್ಲಿ ಹತ್ತು ಜನ ಬಿದ್ದರೆ, ಮಾತ್ರೆ ಕೊಡುವ ಮೊದಲು ಐದಾರು ಜನರದ್ದು ಸ್ಯಾಂಪಲ್ ತೆಗೆದರೆ ಸಾಕು. ಜೊತೆಗೆ ನಲ್ಲಿ ನೀರಿನದ್ದೂ. ಸ್ಯಾಂಪಲ್ ಹಾಕುವ ಆ ಟ್ಯೂಬ್ ನಮ್ಮ ಸಬ್‌ಸೆಂಟರಿನಲ್ಲಿ ಇರಬೇಕು, ಅವಧಿ ಮುಗಿದಿರಬಾರದು, ಅದನ್ನು ಜಿಲ್ಲಾ ಲ್ಯಾಬಿಗೆ ಅವತ್ತೇ ಒಯ್ಯಲು ಗಾಡಿ ಇರಬೇಕು. ಈಗ ನಾನೇ ಬಸ್ಸಿನಲ್ಲಿ ಬ್ಯಾಗಿನೊಳಗೆ ಇಟ್ಟುಕೊಂಡು ಹೋಗುತ್ತೇನೆ. ಟಿಕೆಟ್ ದುಡ್ಡೂ ನನ್ನದೇ.

ಕ್ಲಿನಿಕ್ ಡಾಕ್ಟ್ರು: ಖಾಸಗಿಯವರಿಗೆ ದಂಡ ಹಾಕಿ ಅನ್ನುವ ಮೊದಲು ಇದನ್ನು ಮಾಡಲಿ. ಆ ಟ್ಯೂಬ್ ನನಗೂ ಕೊಡಿ, ತೆಗೆದುಕೊಂಡು ಹೋಗಲು ಜನ ಕಳಿಸಿ, ರಿಪೋರ್ಟನ್ನು ನನಗೂ ಕಳಿಸಿ. ಇದುವರೆಗೆ ನಾನು ಕೊಟ್ಟ ಮಾಹಿತಿಗೆ ಒಂದು ಸಾಲು ಉತ್ತರ ಬಂದಿಲ್ಲ. ಸುಮ್ನೆ ಬಾವಿಗೆ ಕಲ್ಲು ಹಾಕಿದ ಹಾಗೆ.

ಹಳೇಪೇಟೆ: ಉತ್ತರವೇ ಬರದಿದ್ದರೆ ಅದನ್ನೇ ನಾನು ಮುಚ್ಚಿಡುವುದು ಅನ್ನುವುದು. ಇರಲಿ. ಅಕ್ಕ, ನಮ್ಮ ಬೀದಿಯಲ್ಲಿ ಇವತ್ತು ಮತ್ತೆ ಮೂವರಿಗೆ ಶುರುವಾಗಿದೆ, ಇನ್ನೂ ಮಾತ್ರೆ ತಗೊಂಡಿಲ್ಲ. ಯಾರಿಗೆ ಹೇಳಬೇಕು?

ಸಬ್‌ಸೆಂಟರ್ ಅಕ್ಕ: ನಿಮ್ಮ ಆಶಾಗೆ ಈಗಲೇ ಫೋನ್ ಮಾಡಿ. ಅವರು ಸಿಗದಿದ್ದರೆ ನಗರ ಆರೋಗ್ಯ ಕೇಂದ್ರಕ್ಕೆ ನೀವೇ ಹೋಗಿ. ಮೂವರ ಹೆಸರು, ವಯಸ್ಸು, ಯಾವಾಗ ಶುರುವಾಯಿತು, ಯಾವ ನೀರು ಕುಡಿಯುತ್ತಾರೆ, ಇಷ್ಟು ಬರೆದುಕೊಂಡು ಹೋಗಿ. ಓಆರ್‌ಎಸ್ ಈಗಲೇ ಶುರು ಮಾಡಿಸಿ, ಅದಕ್ಕೆ ಯಾರಿಗೂ ಕಾಯಬೇಡಿ. ಸುಸ್ತು ಜಾಸ್ತಿಯಾದರೆ, ಉಚ್ಚೆ ಕಡಿಮೆಯಾದರೆ ಸ್ಯಾಂಪಲ್ ಗೀಂಪಲ್ ಅಂತ ನೋಡದೆ ಸೀದಾ ಆಸ್ಪತ್ರೆಗೆ.

ನೀರುಗಂಟಿ: ನಿಮ್ಮ ಬೀದಿಯ ವಾಲ್ವ್ ಗುಂಡಿ ಫೋಟೋ ಹಾಕಿ, ನೋಡೋಣ.